ಕಾರವಾರದ ಕಡಲಲ್ಲಿ ಚಂದ್ರ ಹುಟ್ಟುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕವನ ಸಂಕಲನಕ್ಕೆ ಅರ್ಧ ಪುಟ ಸಿಗುತ್ತದೆ, ಸಂಶೋಧನ ಗ್ರಂಥಕ್ಕೆ ಕಾಲು ಪುಟ ಸಿಗುತ್ತದೆ. ಪ್ರೇಮ ಕಾದಂಬರಿಯೋ ಪತ್ತೇದಾರಿಯೋ ಮಾಯಾಲೋಕದ ಕಥೆಯೋ ಬಂದರೆ ಮಾತ್ರ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆ ಹಾಕಿ ಮುಗಿಸುತ್ತೀರಿ. ಹಾಗಂತ ಓದುವವರು ಕಡಿಮೆಯೇ? ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದ ತನಕ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತನಕ ಗ್ರಂಥಾಲಯದ ಕಪಾಟು ತೆಗೆದು ನೋಡಿ. ರಟ್ಟು ಕಿತ್ತು, ಅಂಚು ಕಪ್ಪಾಗಿ, ಮತ್ತೆ ಮತ್ತೆ ಅಂಟು ಹಾಕಿಸಿಕೊಂಡ ಪುಸ್ತಕಗಳು ಇವೇ.

ಕನ್ನಡದಲ್ಲಿ ಓದುವ ರೂಢಿ ಹಬ್ಬಿಸಿದ್ದರಲ್ಲಿ ಈ ಬಗೆಯ ಬರಹಕ್ಕೆ ದೊಡ್ಡ ಪಾಲಿದೆ. ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿ ಬರೆದವರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಕಿಕೊಂಡು ಅಕ್ಷರ ಗಟ್ಟಿ ಮಾಡಿಕೊಂಡವರು ಹಳ್ಳಿಹಳ್ಳಿಯಲ್ಲಿದ್ದರು. ಕಾದಂಬರಿಗಾರ್ತಿ ತ್ರಿವೇಣಿಯವರನ್ನು ಓದಿದ ಮನೆಯಲ್ಲಿ ಹೆಂಗಸರ ಮನಸ್ಸಿನ ಕಾಯಿಲೆಯ ಬಗ್ಗೆ ಮೊದಲ ಸಲ ಬಾಯಿಬಿಟ್ಟು ಮಾತಾಡಲು ಸಾಧ್ಯವಾಯಿತು. ಇಷ್ಟಿದ್ದೂ ಇಂಥ ಪುಸ್ತಕಗಳ ಬಗ್ಗೆ ಎರಡೇ ಮಾತು ಕೇಳಿಬರುತ್ತವೆ: ‘ಹೊತ್ತು ಹೋಗಲಿಕ್ಕೆ ಅಡ್ಡಿಯಿಲ್ಲ’ ಅಥವಾ ‘ಎಲ್ಲ ಸವಕಲು’. ಎರಡೂ ಓದದೆ ಆಡುವ ಮಾತು. ಇವನ್ನು ಹೊಗಳಿ ಎಂದು ಬರೆಯುತ್ತಿಲ್ಲ. ಕೆಲಸ ಸರಿಯಾಗಿದೆಯೇ ಎಂದು ಪುಟ ಪುಟ ಬಿಡಿಸಿ ನೋಡಿ, ಸರಿಯಿಲ್ಲದಿದ್ದರೆ ಎಲ್ಲಿ ಕೆಟ್ಟಿತು ಎಂದು ಅಚ್ಚು ಹಾಕಿ. ಆ ತಪಾಸಣೆ ಇಲ್ಲದ್ದರಿಂದಲೇ ಇವತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಬರುವ ಕಾದಂಬರಿಗಳಲ್ಲಿ ನಂಬಲಾಗದ ತಪ್ಪುಗಳು ಸೇರಿಕೊಳ್ಳುತ್ತಿವೆ.

ಅತಿ ಸಾಮಾನ್ಯವಾದದ್ದನ್ನೇ ಹೇಳುತ್ತೇನೆ. ಕಾರವಾರದ ಟ್ಯಾಗೋರ್ ತೀರದಲ್ಲಿ ಪ್ರೇಮಿಗಳು ಕೂತಿದ್ದಾರೆ, ಸಂಜೆಯಾಗಿದೆ, ಕಡಲಿನಿಂದ ಹುಣ್ಣಿಮೆಯ ಚಂದ್ರ ಮೇಲೇಳುತ್ತಾನೆ. ಇದು ಆಗದ ಮಾತು. ನಮಗೆ ಕಡಲು ಪಡುವಣಕ್ಕಿದೆ. ಹುಣ್ಣಿಮೆ ಚಂದ್ರ ಹೊತ್ತು ಮುಳುಗುವ ವೇಳೆಗೆ ಬೆನ್ನ ಹಿಂದೆ, ಘಟ್ಟದ ಮೇಲಿಂದ ಬರುತ್ತಾನೆ. ಕಡಲೂ ಹುಣ್ಣಿಮೆಯೂ ಒಂದೇ ನೋಟದಲ್ಲಿ ಬೇಕಿದ್ದರೆ ಕಾದಂಬರಿಕಾರರು ಆ ಜೋಡಿಯನ್ನು ಬೆಳಗಿನ ಜಾವ ಅಲ್ಲಿಗೆ ಕರೆತರಲಿ. ಆಗ ಚಂದ್ರ ನೀರಿಗಿಳಿಯುತ್ತಿರುತ್ತಾನೆ, ಹಿಂದೆ ಬಾನು ಕೆಂಪಾಗುತ್ತಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಆಕಾಶವೂ ತಿಳಿ. ಬೆಳಗಿನ ಜಾವ ಇಬ್ಬರು ಮನೆ ಬಿಟ್ಟು ಬಂದಿದ್ದಾರೆ ಎಂದರೆ ಕಥೆಗೂ ಹೊಸ ಕುತೂಹಲ ಬಂತು. ಸರಿಯಾದ ವಿವರವೇ ಕಥೆಗೆ ದಾರಿ ತೋರಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಬೇಡ.

ರೋಚಕ ಕಾದಂಬರಿಗಳಲ್ಲಂತೂ ವಿವರ ತಪ್ಪಿದರೆ ಕಥೆಯ ಅಡಿಪಾಯವೇ ಹೋಗುತ್ತದೆ. ಅಲ್ಲಿ ಓದುಗ ಪ್ರತಿ ಪುಟದಲ್ಲೂ ಲೆಕ್ಕ ಹಾಕುತ್ತಿರುತ್ತಾನೆ. ಯಾರು, ಎಷ್ಟು ಹೊತ್ತಿಗೆ, ಹೇಗೆ ಎಂಬ ಲೆಕ್ಕ. ಬರೆದವರ ಲೆಕ್ಕವೇ ತಪ್ಪಿದ್ದರೆ ಅವನ ಶ್ರಮ ನೀರಿಗೆ ಹೋದಂತೆ.

ಕಡಲಿನ ಕೊಲೆಯನ್ನು ತೆಗೆದುಕೊಳ್ಳಿ. ಸೋಮವಾರ ರಾತ್ರಿ ಹತ್ತಕ್ಕೆ ತುಂಬು ಭರತ (ಕಡಲಿನ ಉಬ್ಬರ), ಮುಂದಿನ ಸೋಮವಾರ ರಾತ್ರಿ ಹತ್ತಕ್ಕೂ ತುಂಬು ಭರತ ಎಂದು ಬರೆದವರಿದ್ದಾರೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ. ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಸರಿಯುತ್ತ ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಅದೇ ಹೊತ್ತಿಗೆ ಇಳಿತ ಬಂದಿರುತ್ತದೆ. ದೋಣಿ ಕಟ್ಟಿದ್ದ ಜಾಗದಲ್ಲಿ ಕೆಸರು, ಬಂಡೆ ಎದ್ದಿರುತ್ತವೆ. ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ಭರತ-ಇಳಿತದ ಅಂತರ ಸುಮಾರು ಒಂದೂವರೆಯಿಂದ 2 ಮೀಟರ್. ನಡುವಿನ ದಿನಗಳಲ್ಲಿ ಅದು ತೀರಾ ಕಡಿಮೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ನದಿಗಳು ಕಡಲು ಸೇರುವ ಅಳಿವೆಯಲ್ಲೂ ಭರತದಲ್ಲಿ ಉಪ್ಪುನೀರು ಒಳನಾಡಿಗೆ ಏರುತ್ತದೆ. ಅಳಿವೆಯಲ್ಲಿ ಎಸೆದ ವಸ್ತು ಮೊದಲು ಕಡಲಿಗೆ ಹೋಗದೆ ಒಳಕ್ಕೇ ಬರಬಹುದು. ಇದನ್ನು ತಿಳಿದು ಬರೆದರೆ ಅದೊಂದೇ ಸುಳಿವಿನ ಮೇಲೆ ಪತ್ತೇದಾರ ಕೊಲೆಯ ಹೊತ್ತನ್ನು ಕಂಡುಹಿಡಿಯಬಹುದು.

ಶವ ತೇಲಿಹೋಗುವ ದಿಕ್ಕೂ ಹಾಗೆಯೇ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಹರಿವು ಸಾಮಾನ್ಯವಾಗಿ ತೆಂಕಣಕ್ಕೆ, ನವೆಂಬರ್‌ನಿಂದ ಫೆಬ್ರುವರಿ ತನಕ ಬಡಗಣಕ್ಕೆ. ದಡದ ಹತ್ತಿರ ಗಾಳಿ, ಭರತ ಸೇರಿ ಹೆಚ್ಚುಕಡಿಮೆ ಆಗುತ್ತದೆ, ನಿಜ. ಆದರೂ ಡಿಸೆಂಬರ್‌ನಲ್ಲಿ ಕಾರವಾರದ ಹೊರಗೆ ಎಸೆದ ಹೆಣ ಗೋಕರ್ಣದ ದಂಡೆಗೆ ಬಂತು ಎಂದರೆ ಅದಕ್ಕೊಂದು ಕಾರಣ ಕಥೆಯಲ್ಲಿರಬೇಕು. ಕಾರಣವಿಲ್ಲದಿದ್ದರೆ ಗೋವೆಯ ಕಡೆಗೆ ಕಳಿಸುವುದೇ ಸರಿ. ಗೋವೆಯ ಪೊಲೀಸರೂ ನಮ್ಮ ಪೊಲೀಸರೂ ಗಡಿಯ ಮೇಲೆ ಎದುರಾಗುವ ದೃಶ್ಯವೂ ಆಗ ಕೈಗೆ ಬರುತ್ತದೆ.

ಜುಲೈ ತಿಂಗಳ ರಾತ್ರಿ ಟ್ರಾಲ್ ಬೋಟಿನಲ್ಲಿ ಚಿನ್ನ ಸಾಗಿಸುವ ಖಳನಾಯಕರಿಗೆ ಲೆಕ್ಕವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ, ಕೆಲಸಗಾರರು ಊರಿಗೆ ಹೋಗಿರುತ್ತಾರೆ. ನಾಡದೋಣಿಗೆ ವಿನಾಯಿತಿ ಇದೆ, ಆದರೆ ಆ ಅಲೆಯಲ್ಲಿ ಅದು ದೂರ ಹೋಗಲಾರದು. ಆಗ ಒಂದೇ ಒಂದು ಬೋಟು ಕಡಲಿನಲ್ಲಿ ದೀಪ ಹಚ್ಚಿಕೊಂಡು ನಿಂತಿದೆ ಎಂದು ಬರೆಯುವುದಾದರೆ ಇಡೀ ಬಂದರಿಗೆ ಅನುಮಾನ ಬರಬೇಕು. ಕಾದಂಬರಿಯಲ್ಲಿ ಯಾರಿಗೂ ಬಾರದಿದ್ದರೆ ಬರೆದವರು ಬಂದರು ನೋಡಿಲ್ಲ ಎಂದೇ ಅರ್ಥ.

ಘಟ್ಟದ ಮೇಲಿನ ಕಥೆಗಳಲ್ಲಿ ವಿಷ ಮತ್ತು ಕೋವಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾಗಿ ಶಿರಸಿ ಸೀಮೆಯ ತೋಟದ ಮನೆಯಲ್ಲಿ ಮೈಲುತುತ್ತ ಇರುವುದು ಸಹಜ. ಅದನ್ನು ಕಾಫಿಯಲ್ಲಿ ಕದಡಿ ಕೊಟ್ಟರು, ಕುಡಿದವರು ತಿಳಿಯದೆ ಸತ್ತರು ಎನ್ನುವುದು ಮಾತ್ರ ಆಗದ ಕೆಲಸ. ಅದು ನೋಡಿದೊಡನೆ ಗುರುತು ಸಿಗುವ ಕಡುನೀಲಿ, ಬಾಯಿಗಿಟ್ಟರೆ ಲೋಹದ ಒಗರು, ಹೊಟ್ಟೆಗೆ ಹೋದರೆ ಕೂಡಲೇ ವಾಂತಿ ಬರಿಸುವ ವಸ್ತು. ಗುಟ್ಟಾಗಿ ಕೊಡಲು ಇದಕ್ಕಿಂತ ಕೆಟ್ಟ ವಿಷ ಹುಡುಕುವುದು ಕಷ್ಟ. ಕೋವಿಯ ವಿಷಯದಲ್ಲಿ, ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳಲ್ಲಿ ಬಹಳಷ್ಟು ಕೇಪಿನ ಕೋವಿಗಳು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಗಿಡಿದು, ಚರೆ ಹಾಕಿ, ಮತ್ತೆ ಗಿಡಿದು, ಕೇಪು ಕೂರಿಸಿದರೆ ಒಂದು ಈಡು. ಎರಡನೆಯದಕ್ಕೆ ಇಷ್ಟೂ ಮೊದಲಿಂದ ಮಾಡಬೇಕು. ‘ಧಡ್ ಧಡ್ ಎಂದು ನಾಲ್ಕು ಗುಂಡು ಹಾರಿದವು’ ಎಂಬ ವಾಕ್ಯ ಅಲ್ಲಿಗೆ ಬಿದ್ದುಹೋಯಿತು. ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ವಿನಾಯಿತಿ ಪಡೆದವರು ಮಾತ್ರ ಬೇರೆ. ಚುನಾವಣೆಯ ವಾರದಲ್ಲಿ ತೋಟದಲ್ಲಿ ಈಡು ಕೇಳಿಸಿದರೆ ಅದು ಕಳ್ಳಕೋವಿ ಇರಬಹುದು ಎಂಬ ಸುಳಿವು ಓದುಗನಿಗೆ ತಾನಾಗಿ ಸಿಗುತ್ತದೆ. ಬಳಸಿಕೊಂಡವರು ವಿರಳ. ರಿವಾಲ್ವರ್‌ಗೆ ಸೈಲೆನ್ಸರ್ ಹಾಕುವುದನ್ನೂ ಬಿಟ್ಟುಬಿಡಲಿ. ತಿರುಗುವ ಗುಂಡುಗೂಡಿಗೂ ನಳಿಗೆಗೂ ನಡುವೆ ಇರುವ ಸಂದಿಯಿಂದ ಸದ್ದು ಹೊರಬಂದೇ ಬರುತ್ತದೆ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಚ್ಚಿ ಮೂಗಿಗೆ ಹಿಡಿದ ಕೂಡಲೇ ಯಾರೂ ಬೀಳುವುದಿಲ್ಲ, ಅದಕ್ಕೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಒದ್ದಾಟ ನಡೆಯುತ್ತದೆ, ಗಾಯವಾಗುತ್ತದೆ, ಗುರುತು ಉಳಿಯುತ್ತದೆ.

ಇನ್ನು ಪೊಲೀಸ್ ಕೆಲಸ. ಅಸಹಜ ಸಾವಿನಲ್ಲಿ ಮೊದಲು ಶವದ ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ. ಕೊಲೆಯ ಅನುಮಾನವಿದ್ದ ಹೆಣವನ್ನು ನಡುರಾತ್ರಿ ಕೊಯ್ಯುವುದು ರೂಢಿಯಲ್ಲ. ಸೂರ್ಯಾಸ್ತದ ನಂತರ ಪರೀಕ್ಷೆಗೆ 2021ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಾಗಲೂ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ ಇವನ್ನು ಹೊರಗಿಟ್ಟಿತು, ಕಾನೂನು-ಸುವ್ಯವಸ್ಥೆಯ ಪ್ರಶ್ನೆ ಎದ್ದಾಗ ಮಾತ್ರ ಬೇರೆ. ‘ರಾತ್ರಿ 11 ಗಂಟೆ 20 ನಿಮಿಷಕ್ಕೆ ಸತ್ತಿದ್ದಾನೆ’ ಎಂದು ಯಾವ ವೈದ್ಯರೂ ಹೇಳಲಾರರು. ಮೈ ಸೆಟೆಯುವುದು ಒಂದೆರಡು ತಾಸಿನಲ್ಲಿ ಕಣ್ಣುರೆಪ್ಪೆ, ದವಡೆಯಿಂದ ಶುರುವಾಗಿ, ಸುಮಾರು 12 ತಾಸಿನೊಳಗೆ ಇಡೀ ದೇಹಕ್ಕೆ ಹರಡಿ, ನಮ್ಮ ಬೇಸಿಗೆಯಲ್ಲಿ 18ರಿಂದ 36 ತಾಸಿನೊಳಗೆ ಬಿಟ್ಟುಹೋಗುತ್ತದೆ. ವೈದ್ಯರು ಹೇಳುವುದು ‘ಇಷ್ಟರಿಂದ ಇಷ್ಟು ತಾಸಿನೊಳಗೆ’ ಎಂದು. ಆ ಸಡಿಲಿನಲ್ಲೇ ಒಳ್ಳೆಯ ಪತ್ತೇದಾರಿ ಕಥೆ ಬದುಕುತ್ತದೆ, ಮೂವರ ಮೇಲೆ ಅನುಮಾನ ಉಳಿಯುವುದು ಅದರಿಂದಲೇ. ಆರೋಪಿ ಠಾಣೆಯಲ್ಲಿ ಕೂತು ಎಲ್ಲ ಒಪ್ಪಿಕೊಂಡ, ಶಿಕ್ಷೆಯಾಯಿತು ಎಂಬ ಮುಕ್ತಾಯವೂ ನಿಲ್ಲದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. 24 ತಾಸಿನೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಕೊಲೆಯ ಕಲಂ 302 ಹೋಗಿ 103 ಆಗಿದೆ. ಕಥೆ 2010ರಲ್ಲಿ ನಡೆದರೆ 302 ಎಂದೇ ಇರಲಿ, 2025ರಲ್ಲಿ ನಡೆದರೆ ಇರಕೂಡದು. ಮೊಬೈಲ್ ಟವರ್ ಹೇಳುವುದು ಸೀಮೆಯನ್ನು, ಮನೆಯ ಬಾಗಿಲನ್ನಲ್ಲ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಅದೂ ಸಿಗದ ಜಾಗಗಳಿವೆ.

ವಿವರಗಳೆಲ್ಲ ಸರಿಯಿದ್ದೂ ಕಥೆ ಕೆಡಬಹುದು. ಪತ್ತೇದಾರಿಯ ಮೊದಲ ನ್ಯಾಯ, ಪತ್ತೇದಾರನಿಗೆ ಕಂಡದ್ದೆಲ್ಲ ಓದುಗನಿಗೂ ಕಂಡಿರಬೇಕು. 180 ಪುಟದ ಪುಸ್ತಕವಾದರೆ ಅಪರಾಧಿ ಮೊದಲ 45 ಪುಟದೊಳಗೆ ಬಂದು ಒಂದಾದರೂ ಮಾತಿನ ದೃಶ್ಯದಲ್ಲಿ ಕಾಣಿಸಿಕೊಂಡಿರಬೇಕು. ಕೊನೆಯಲ್ಲಿ ಅವಳಿ ಸಹೋದರನನ್ನೋ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವನನ್ನೋ ತಂದು ನಿಲ್ಲಿಸುವುದು ಮೋಸ. ಅನುಮಾನಕ್ಕೆ ನಾಲ್ಕರಿಂದ ಆರು ಜನ ಸಾಕು. ಎಂಟು ದಾಟಿದರೆ ಓದುಗ ಹೆಸರು ಮರೆತು ಹಿಂದಿನ ಪುಟ ತಿರುವುತ್ತಾನೆ. ಮುಖ್ಯ ಸುಳಿವನ್ನು ಮೂರು ಸಲ ಕಾಣಿಸುವುದು ಒಳ್ಳೆಯ ಕ್ರಮ: ಮೊದಲು ಬೇರೆ ನಾಲ್ಕು ವಸ್ತುಗಳ ನಡುವೆ ಏನೂ ವಿಶೇಷವಿಲ್ಲದಂತೆ, ಎರಡನೆಯ ಸಲ ಬೇರೊಬ್ಬರ ಮಾತಿನಲ್ಲಿ, ಮೂರನೆಯದು ಬಯಲಾಗುವಾಗ. ಒಂದೇ ಸಲ ಹೇಳಿದರೆ ಓದುಗ ಮರೆತಿರುತ್ತಾನೆ, ನಾಲ್ಕೈದು ಸಲ ಹೇಳಿದರೆ ಅಲ್ಲೇ ಹಿಡಿಯುತ್ತಾನೆ. ಶಿರಸಿಯ ತೋಟದಲ್ಲಿ ನಡೆದ ಕೊಲೆಗೆ ಸಾಕ್ಷಿ ಯಾರು ಎಂದು ಹುಡುಕುವ ಕಾದಂಬರಿಕಾರರು ತಲೆ ಎತ್ತಿ ನೋಡಲಿ. ಸುಗ್ಗಿಯಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ, ಕಣಿವೆಯನ್ನೆಲ್ಲ ನೋಡುತ್ತಿರುತ್ತಾನೆ.

ಕೊಲೆಯ ಕಾರಣಗಳಲ್ಲೂ ಬೇರೆ ಊರಿನ ಸರಕು ತಂದು ಇಲ್ಲಿ ಇಳಿಸುತ್ತಾರೆ. ಕುಮ್ಕಿ, ಅಂದರೆ ಪಟ್ಟಾ ಜಮೀನಿಗೆ ಹೊಂದಿದ ಸರ್ಕಾರಿ ಜಾಗದ ವ್ಯಾಜ್ಯ ದಕ್ಷಿಣ ಕನ್ನಡದ್ದು. ಇಲ್ಲಿ ಇರುವುದು ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಲೆಕ್ಕದ್ದು. ಚರಿತ್ರೆಯಲ್ಲೂ ಇದೇ ಎಡವಟ್ಟು. ಹಳೆಯ ಕೆನರಾ ಜಿಲ್ಲೆಯ ಉತ್ತರದ ಭಾಗ, ಅಂದರೆ ನಮ್ಮ ಜಿಲ್ಲೆ, 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರ ನವೆಂಬರ್ 1ರ ತನಕ ಅಲ್ಲೇ ಇತ್ತು. 1940ರ ಅಂಕೋಲೆಯಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಬಂದಿಳಿಯುವುದು, 1985ರಲ್ಲಿ ಕಾರವಾರದ ರೈಲ್ವೆ ನಿಲ್ದಾಣದಲ್ಲಿ ನಾಯಕಿ ಕಾಯುವುದು, ಇನ್ನೂ ರೈಲೇ ಬಾರದ ಶಿರಸಿಯಲ್ಲಿ ನಾಯಕ ರೈಲು ಹತ್ತುವುದು ಇವೆಲ್ಲ ಭೂಪಟ, ಪಂಚಾಂಗ ತೆರೆದರೆ ತಪ್ಪುವ ತಪ್ಪುಗಳು. ಕೊಂಕಣ ರೈಲು ಮುಂಬಯಿಯಿಂದ ಮಂಗಳೂರಿನ ತನಕ ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ.

ಮಾತಿನ ಬಗ್ಗೆ ಒಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿ ಎಂದರೆ ಮಂಗಳೂರು ಎಂದು ತಿಳಿದು ಕಾರವಾರದ ಮೀನುಗಾರರ ಬಾಯಲ್ಲಿ ತುಳು ಹಾಕುತ್ತಾರೆ, ಅಂಗಳದಲ್ಲಿ ಭೂತಕೋಲ ಕಟ್ಟಿಸುತ್ತಾರೆ. ಇಲ್ಲಿಯ ಮನೆಗಳಲ್ಲಿ ಕೊಂಕಣಿ ಇದೆ, ಹಾಲಕ್ಕಿಗಳ ಕನ್ನಡ ಇದೆ, ಭಟ್ಕಳದಲ್ಲಿ ನವಾಯತಿ ಇದೆ, ಘಟ್ಟದ ಮೇಲೆ ಹವ್ಯಕರ ಮಾತಿದೆ. ದೈವಗಳೂ ಬೇರೆ. ಜಟಗ, ಚೌಡಿ, ಹುಲಿದೇವರ ಕಲ್ಲುಗಳು ಗದ್ದೆಯಂಚಿನಲ್ಲಿ, ಬೆಟ್ಟದ ದಾರಿಯಲ್ಲಿ ಇವೆ. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತವಿದೆ. ಮಾಯಾಕಥೆ ಬರೆಯುವವರಿಗೆ ಇದರಲ್ಲಿ ಎಷ್ಟು ಸಾಮಗ್ರಿ ಇದೆ ಎಂದರೆ ಸಾಲ ತರುವ ಅಗತ್ಯವೇ ಇಲ್ಲ.

ಮಾಯಾಲೋಕದ ಕಾದಂಬರಿ ಕನ್ನಡಕ್ಕೆ ಹೊಸದು, ಹೊರಗಿಂದ ಬಂದದ್ದು ಎನ್ನುವವರಿದ್ದಾರೆ. ಬಡಗುತಿಟ್ಟಿನ ಯಕ್ಷಗಾನ ನೋಡಿ ಬೆಳೆದ ಸೀಮೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ಮಾಯೆಗೆ ನಿಯಮ ಬೇಕು, ನಿಯಮಕ್ಕೆ ಮಿತಿ ಬೇಕು, ಆ ಮಿತಿಯನ್ನು ಬಳಸುವ ಮೊದಲೇ ಹೇಳಿರಬೇಕು ಎಂಬುದನ್ನು ಭಸ್ಮಾಸುರನ ಪ್ರಸಂಗದಷ್ಟು ಚೊಕ್ಕವಾಗಿ ಕಲಿಸುವ ಪಾಠ ಬೇರೆಯಿಲ್ಲ. ತಲೆಯ ಮೇಲೆ ಕೈಯಿಟ್ಟರೆ ಬೂದಿ ಎಂಬ ವರ ಮೊದಲೇ ಗೊತ್ತು. ಯಾರ ತಲೆ ಎಂದು ವರದಲ್ಲಿ ಹೇಳಿಲ್ಲ. ಮೋಹಿನಿ ಗೆಲ್ಲುವುದು ಆ ಬಿರುಕಿನಲ್ಲಿ. ಹಿರಣ್ಯಕಶಿಪು ಹಗಲಲ್ಲಿ ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ಒಂದೊಂದೇ ಬಾಗಿಲು ಮುಚ್ಚುತ್ತ ಹೋದ. ಉಳಿದದ್ದು ಮುಸ್ಸಂಜೆ ಮತ್ತು ಹೊಸ್ತಿಲು. ಬೇತಾಳನ ಕಥೆಯಲ್ಲಿ ನಿಯಮಕ್ಕೆ ಬೆಲೆಯೂ ಇದೆ: ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳು, ಬಾಯಿಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ರಾಜ ಯಾವುದನ್ನು ಆರಿಸಿದರೂ ನಷ್ಟ, ಕಥೆ ಮುಂದೆ ಹೋಗುವುದು ಆ ನಷ್ಟದಿಂದಲೇ. ಈಗಿನ ಹಲವು ಮಾಯಾಕಾದಂಬರಿಗಳಲ್ಲಿ ನಾಯಕ ಸಂಕಟಕ್ಕೆ ಸಿಕ್ಕಾಗಲೆಲ್ಲ ಹೊಸ ಶಕ್ತಿ ಎಚ್ಚರಗೊಳ್ಳುತ್ತದೆ, ಅದಕ್ಕೆ ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಅಂಥಲ್ಲಿ ಅಪಾಯ ಎಂಬುದೇ ಉಳಿಯದು. ಮೊದಲ ಮೂವತ್ತು ಪುಟ ರಾಜವಂಶದ ಇತಿಹಾಸ ತುಂಬುವುದು ಇನ್ನೊಂದು ರೋಗ. ಆ ನಿಯಮದಿಂದ ನೋವುಂಡ ಒಬ್ಬರನ್ನು ಮೊದಲ ಅಧ್ಯಾಯದಲ್ಲಿ ತೋರಿಸಿದರೆ ಇತಿಹಾಸವನ್ನು ಓದುಗ ಬೇಕೆಂದೇ ಕೇಳುತ್ತಾನೆ.

ಕಲ್ಪನೆಯ ರಾಜ್ಯಕ್ಕೂ ಹೊಟ್ಟೆಯಿದೆ. ಹತ್ತು ಸಾವಿರ ಸೈನಿಕರು ತಲೆಗೆ ದಿನಕ್ಕೆ 1 ಕಿಲೋ ಧಾನ್ಯ ತಿಂದರೆ ದಿನಕ್ಕೆ 100 ಕ್ವಿಂಟಲ್. ಒಂದು ಹೇರೆತ್ತು ಸುಮಾರು 100 ಕಿಲೋ ಹೊತ್ತರೂ ಹತ್ತು ದಿನದ ದಾರಿಗೆ ಸಾವಿರ ಎತ್ತು ಬೇಕು, ಅವುಗಳ ಮೇವು ಬೇರೆ. ಮುಂಗಾರಿನಲ್ಲಿ ಅಷ್ಟನ್ನೂ ಹೊಡೆದುಕೊಂಡು ಘಟ್ಟ ಇಳಿಸುವ ಸೇನಾಪತಿ ಯುದ್ಧಕ್ಕೆ ಮೊದಲೇ ಸೋತಿರುತ್ತಾನೆ. ಬನವಾಸಿಯ ಕದಂಬರ ಕಾಲದ ಛಾಯೆಯಲ್ಲಿ ಬರೆದ ಕಥೆಯಲ್ಲಿ ಅಡುಗೆಯವಳು ಹಸಿಮೆಣಸಿನಕಾಯಿ ಅರೆಯುವುದು, ಗೇರುಬೀಜ ಹುರಿಯುವುದು ಇನ್ನೊಂದು ಎಡವಟ್ಟು. ಮೆಣಸಿನಕಾಯಿ, ಗೇರು, ಆಲೂಗಡ್ಡೆ, ಟೊಮೆಟೊ, ಪಪ್ಪಾಯಿ, ಅನಾನಸು ಎಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬರುವ ಮುಂಚೆ ಇಲ್ಲಿರಲಿಲ್ಲ. ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ, ಹಿಪ್ಪಲಿ. ಆ ಕಾಳುಮೆಣಸಿನ ವ್ಯಾಪಾರದ ಬಲದಿಂದಲೇ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರಾಗಿ ನಿಂತಳು, ಅವರಿಂದಲೇ ಮೆಣಸಿನ ರಾಣಿ ಎನಿಸಿಕೊಂಡಳು. ಮಿರ್ಜಾನ ಕೋಟೆ, ಶರಾವತಿಯ ಬಂದರು, ಕಾನೂರಿನ ಕಾಡು ಇಷ್ಟನ್ನು ಕಣ್ಣಮುಂದೆ ಇಟ್ಟುಕೊಂಡು ಹಿಮ ಸುರಿಯುವ ರಾಜ್ಯಗಳ ಕಥೆ ಕಟ್ಟುವುದು ಏಕೆ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪ್ರೇಮ ಕಾದಂಬರಿ ಬರೆಯುವುದು ಸುಲಭ ಎಂಬ ನಂಬಿಕೆ ಎಲ್ಲಕ್ಕಿಂತ ತಪ್ಪು. ಇಬ್ಬರೂ ಕೊನೆಗೆ ಸೇರುತ್ತಾರೆ ಎಂದು ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೂ 200 ಪುಟ ಓದಿಸಬೇಕಾದರೆ ಅಡ್ಡಿ ಗಟ್ಟಿಯಿರಬೇಕು. ಬಾಗಿಲ ಮರೆಯಲ್ಲಿ ಅರ್ಧ ಮಾತು ಕೇಳಿಸಿಕೊಂಡು ನಾಯಕಿ ಮನೆ ಬಿಟ್ಟು ಹೋದಳು ಎಂಬ ಅಡ್ಡಿ ಹಿಂದೆ ಹೇಗೋ ನಡೆಯುತ್ತಿತ್ತು. ಎಲ್ಲರ ಕೈಯಲ್ಲಿ ಫೋನಿರುವ ಕಾಲಕ್ಕೆ ಆಗದು. ಒಂದು ಕರೆಯಿಂದ ಬಿಚ್ಚಿಹೋಗುವ ಗಂಟು ಕಾದಂಬರಿಯನ್ನು ಎಳೆಯಲಾರದು. ಅಡ್ಡಿ ಹೊರಗೂ ಬೇಕು, ಒಳಗೂ ಬೇಕು. ಹೊರಗಿನದು ಬಗೆಹರಿದ ಮೇಲೂ ಒಳಗಿನದು ಉಳಿದಿರಬೇಕು.

ಈ ಜಿಲ್ಲೆಯಲ್ಲೇ ಅಂಥ ಅಡ್ಡಿಗಳು ಬೇಕಾದಷ್ಟಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಊರಲ್ಲೇ ಉಳಿದ ಗಂಡುಮಕ್ಕಳಿಗೆ ಹೆಣ್ಣು ಸಿಗದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಓದಿದ ಹುಡುಗಿಗೆ ಬೆಂಗಳೂರಿನ ಕೆಲಸ ಬಿಡಲು ಮನಸ್ಸಿಲ್ಲ, ಹುಡುಗನಿಗೆ ವಯಸ್ಸಾದ ಅಪ್ಪ-ಆಯಿಯನ್ನೂ ತೋಟವನ್ನೂ ಬಿಡಲಾಗದು. ಇಬ್ಬರೂ ಸರಿ, ಯಾರೂ ಖಳರಲ್ಲ. ಇದಕ್ಕಿಂತ ಒಳ್ಳೆಯ ಪ್ರೇಮಕಥೆಯ ಕಟ್ಟು ಎಲ್ಲಿದೆ? ಬೇರೆ ಧರ್ಮದ ಜೋಡಿ ಓಡಿಹೋಗಿ ಅದೇ ಮಧ್ಯಾಹ್ನ ನೋಂದಣಿ ಕಚೇರಿಯಲ್ಲಿ ಮದುವೆಯಾಗುವ ದೃಶ್ಯ ಬರೆಯುವವರು 1954ರ ವಿಶೇಷ ವಿವಾಹ ಕಾಯ್ದೆಯನ್ನು ಒಮ್ಮೆ ಓದಲಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು, ನೋಟಿಸು ಕೊಟ್ಟು 30 ದಿನ ಕಾಯಬೇಕು, ಆ ನೋಟಿಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತದೆ, ಮದುವೆಗೆ ಮೂವರು ಸಾಕ್ಷಿಗಳು ಬೇಕು. ಆ ಮೂವತ್ತು ದಿನಗಳಲ್ಲೇ ಒಂದು ಕಾದಂಬರಿ ಇದೆ.

ಹುಡುಗಿ ಬೇಡ ಎಂದ ಮೇಲೂ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ತನಕ ಹಿಂದೆ ಬೀಳುವ, ಕೈ ಹಿಡಿದೆಳೆಯುವ ನಾಯಕನನ್ನು ದಯವಿಟ್ಟು ಯಾರೂ ಇನ್ನು ಪ್ರೇಮಿ ಎಂದು ಕರೆಯಬಾರದು. ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಹಿಂಬಾಲಿಸುವುದು ಅಪರಾಧ. ಕಾನೂನನ್ನು ಬದಿಗಿಟ್ಟರೂ ಕಥೆಯ ಕಟ್ಟಿನಲ್ಲೇ ಅದು ಸೋಲುತ್ತದೆ. ಅವಳು ಮನಸ್ಸು ಬದಲಿಸಲು ಕಾರಣ ಸಿಗುವುದಿಲ್ಲ, ಬರೆದವರು ಅಪಘಾತವನ್ನೋ ಮರೆವಿನ ರೋಗವನ್ನೋ ತರಬೇಕಾಗುತ್ತದೆ. ಅಗಲಿಕೆ ಮುಕ್ಕಾಲು ಭಾಗದಲ್ಲಿ ಬಂದರೆ ಮತ್ತೆ ಸೇರಿದ ಮೇಲೆ ಹತ್ತು ಹದಿನೈದು ಪುಟ ಇರಲಿ. ಎರಡೇ ಪುಟದಲ್ಲಿ ಹಾರ ಹಾಕಿಸಿದರೆ ಓದಿದವರಿಗೆ ಸಿಗಬೇಕಾದ್ದು ಸಿಕ್ಕಿರುವುದಿಲ್ಲ.

ಧಾರಾವಾಹಿಯಾಗಿ ಬಂದದ್ದನ್ನು ಪುಸ್ತಕ ಮಾಡುವಾಗ ಆಗುವ ಹಾನಿಯ ಬಗ್ಗೆ ಪ್ರಕಾಶಕರಿಗೂ ಒಂದು ಮಾತು. ವಾರ ವಾರ ಓದುವವರಿಗೆ ಹಿಂದಿನದನ್ನು ನೆನಪಿಸಲು ಕಂತಿಗೆ ನೂರು ಪದ ಬರೆಯಬೇಕಾಗುತ್ತದೆ. 30 ಕಂತಿಗೆ ಮೂರು ಸಾವಿರ ಪದ. ಡೆಮಿ 1/8 ಅಳತೆಯ ಪುಟಕ್ಕೆ 220 ಪದ ಹಿಡಿದರೆ ಹದಿಮೂರು ಹದಿನಾಲ್ಕು ಪುಟ ಬರೀ ಪುನರುಕ್ತಿ. ಅದನ್ನು ಕಿತ್ತು, ಕಂತಿನ ಕೊನೆಯ ಸುಳ್ಳು ಬೆದರಿಕೆಗಳಲ್ಲಿ ಅರ್ಧದಷ್ಟನ್ನು ತೆಗೆದು ಅಚ್ಚಿಗೆ ಕೊಡಬೇಕು. ಬರೀ ಅಂಟಿನ ಬೈಂಡಿಂಗ್ ನಮ್ಮ ಮಳೆಗಾಲದ ತೇವಕ್ಕೆ ತಾಳುವುದಿಲ್ಲ, ಬೆನ್ನು ಒಡೆದು ಹಾಳೆ ಉದುರುತ್ತವೆ. ಗ್ರಂಥಾಲಯಕ್ಕೆ ಹೋಗುವ ಪ್ರತಿಗಳನ್ನಾದರೂ 16 ಪುಟದ ಫಾರಂ ಲೆಕ್ಕದಲ್ಲಿ ಹೊಲಿಸಲಿ. ಒತ್ತಕ್ಷರ ಒಂದರ ಮೇಲೊಂದು ಬೀಳದಂತೆ 12 ಪಾಯಿಂಟಿನ ಅಕ್ಷರಕ್ಕೆ 16 ಪಾಯಿಂಟ್ ಸಾಲಿನಂತರ ಕೊಟ್ಟರೆ ಹಿರಿಯರೂ ಓದುತ್ತಾರೆ.

ಧಾರಾವಾಹಿಗೆ ಒಳ್ಳೆಯ ಕಾದಂಬರಿ ಸಿಗುತ್ತಿಲ್ಲ ಎಂಬುದು ಸಂಪಾದಕರ ಸಾಮಾನ್ಯ ಅಳಲು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಮುಗಿದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳನ್ನು 2024ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ನಿಮ್ಮ ಪುರವಣಿಯಲ್ಲಿ ಒಂದನ್ನು ಕಂತುಕಂತಾಗಿ ಹಾಕಿ, ಮೂಲ ಮುದ್ರಣದೊಂದಿಗೆ ಕರಡು ತಿದ್ದಿಸಿ. ಹೊಸ ಲೇಖಕರಿಗೆ ಅದು ಮುಂದಿನ ಅಳತೆಗೋಲಾಗುತ್ತದೆ.

ಇನ್ನು ನಾನು ಕೇಳುವ ಜಾಗ ದೊಡ್ಡದೇನಲ್ಲ. ತಿಂಗಳಿಗೆ ಎರಡು ಸಲ, 300 ಪದಗಳ ಒಂದೊಂದು ವಿಮರ್ಶೆ ಸಾಕು. ಪ್ರೇಮಕಥೆಯಾದರೆ ಅಡ್ಡಿ ನಿಂತಿತೇ, ಪತ್ತೇದಾರಿಯಾದರೆ ಸುಳಿವು ನ್ಯಾಯವಾಗಿ ಕೊಟ್ಟಿದ್ದಾರೆಯೇ, ಮಾಯಾಕಥೆಯಾದರೆ ನಿಯಮ ಮುರಿದಿದ್ದಾರೆಯೇ ಎಂದು ವಿಮರ್ಶಕರು ಹೇಳಲಿ, ಅಪರಾಧಿ ಯಾರೆಂದು ಮಾತ್ರ ಹೇಳದಿರಲಿ. ನಮ್ಮ ಜಿಲ್ಲೆಯ ಕಥೆಯಾದರೆ ಇಲ್ಲಿಯವರೊಬ್ಬರಿಗೆ ಓದಲು ಕೊಡಿ. ವಿವರ ತಪ್ಪಿದ್ದರೆ ಪುಟಸಂಖ್ಯೆಯೊಂದಿಗೆ ಬರೆಸಿ, ಮುಂದಿನ ಮುದ್ರಣದಲ್ಲಿ ತಿದ್ದಲು ಲೇಖಕರಿಗೆ ಅನುಕೂಲ. ಬೇರೆ ಭಾಷೆಯಿಂದ ಬಂದ ಕಾದಂಬರಿಗಳಲ್ಲಿ ಊರು, ಹೆಸರು ಬದಲಿಸಿ ಮೂಲವನ್ನು ಮರೆಮಾಡುವ ಚಾಳಿ ಈ ಬಗೆಯ ಪುಸ್ತಕಗಳಲ್ಲಿ ಹೆಚ್ಚು. ಆದ್ದರಿಂದ ಮೂಲ ಲೇಖಕರ ಹೆಸರು, ಅನುವಾದಕರ ಹೆಸರು ಎರಡೂ ಇಲ್ಲದ ಅನುವಾದವನ್ನು ವಿಮರ್ಶೆಗೆ ತೆಗೆದುಕೊಳ್ಳುವುದಿಲ್ಲ ಎಂದು ಮೊದಲ ತಿಂಗಳೇ ಪ್ರಕಟಿಸಿಬಿಡಿ.

ಇತಿ,
ನಿಮ್ಮ ಓದುಗ
ಕುಮಟಾ, ಉತ್ತರ ಕನ್ನಡ